ದುಡಿದವಳ ಕೈಗೆ ದುಡ್ಡು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅರಿಸಿನದ ಗೆಡ್ಡೆ ಕೊಳೆಯುವ ರೋಗ, ರಾಸುಗಳ ಕಾಲುಬಾಯಿ ಜ್ವರ, ಮಕ್ಕಳ ಲಸಿಕೆ ಇಂಥ ವಿಷಯಗಳನ್ನು ಮಾತನಾಡುತ್ತೇವೆ. ಈ ಸಲ ಹೊಲದಲ್ಲಿ ಕಾಣದ, ಆದರೆ ಅನೇಕ ರೈತ ಮನೆಗಳ ಒಳಗೆ ಇರುವ ಒಂದು ರೋಗದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಬೇರು ಹಣದಲ್ಲಿದೆ. ಅದರ ಫಲವನ್ನು ಹೆಣ್ಣುಮಕ್ಕಳ ದೇಹ ಮತ್ತು ಮನಸ್ಸು ಉಣ್ಣುತ್ತವೆ.

ನಮ್ಮ ಸೀಮೆಯ ಒಬ್ಬ ತಾಯಿಯ ವಿಷಯದಿಂದ ಆರಂಭಿಸುತ್ತೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮತ್ತು ಊರನ್ನು ಬಿಟ್ಟಿದ್ದೇನೆ. ದಯವಿಟ್ಟು ಯಾರೂ ಅದು ಯಾರಿರಬಹುದೆಂದು ಹುಡುಕಬೇಡಿ. ನಮ್ಮ ಬೆಟ್ಟದಲ್ಲಿ ಹುಟ್ಟಿ ಬೆಳೆದ ಆಕೆಯನ್ನು ಕೆಳಗಿನ ಬಯಲು ಸೀಮೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ಊರಿನವರ ಬಾಯಲ್ಲಿ ಆತ ಲೆಕ್ಕಾಚಾರದ ಮನುಷ್ಯ, ಒಳ್ಳೆಯ ಬೇಸಾಯಗಾರ. ಆದರೆ ಆ ಮನೆಯಲ್ಲಿ ಒಂದು ಸೋಪು ಬೇಕಾದರೂ ಆಕೆ ಕೈಯೊಡ್ಡಬೇಕಿತ್ತು, ಉಳಿದ ಚಿಲ್ಲರೆಯನ್ನು ಎಣಿಸಿ ಹಿಂದಕ್ಕೆ ಕೊಡಬೇಕಿತ್ತು. ಕಳೆ ಕಿತ್ತವಳು, ಹಾಲು ಕರೆದವಳು, ಅರಿಸಿನ ಬೇಯಿಸುವಾಗ ಒಲೆಯ ಮುಂದೆ ನಿಂತವಳು ಆಕೆ. ಆದರೆ ಮಾರಾಟದ ಹಣ ಎಷ್ಟು ಬಂತು ಎಂದು ಕೇಳಿದರೆ ಅದೇ ದೊಡ್ಡ ತಪ್ಪಾಗುತ್ತಿತ್ತು. ತವರಿನಿಂದ ತಂದ ಒಡವೆ ಅಡವಿಗೆ ಹೋಯಿತು. ರಸೀದಿಯನ್ನು ಆಕೆ ಕಣ್ಣಿನಿಂದ ನೋಡಲಿಲ್ಲ. ಕನ್ನಡ ಮಾತ್ರ ಓದಬಲ್ಲ ಆಕೆಯಿಂದ ತಮಿಳಿನಲ್ಲಿದ್ದ ಕಾಗದಗಳಿಗೆ ಸಹಿ ಹಾಕಿಸಿದರು. ಅವುಗಳಲ್ಲಿ ಎರಡು ಆಕೆಯ ಹೆಸರಿನ ಸಾಲ ಎಂಬುದು ತಿಳಿದದ್ದು ಸಾಲ ವಸೂಲಿಯವರು ಬಾಗಿಲಿಗೆ ಬಂದಾಗ.

ಹಬ್ಬಕ್ಕೆಂದು ತವರಿಗೆ ಬಂದಿದ್ದಾಗ ಒಮ್ಮೆ ಆಕೆ ನನ್ನ ಬಳಿ ಇದನ್ನೆಲ್ಲ ಹೇಳಿಕೊಂಡರು. ಆಗ ನಾನು ಹೇಳಿದ ಮಾತು ಇದು: "ಹೊಡೆಯೋದಿಲ್ಲ, ಬಡಿಯೋದಿಲ್ಲ ಅಂತೀಯಲ್ಲಮ್ಮ. ಸ್ವಲ್ಪ ಹೊಂದಿಕೊಂಡು ಹೋಗು." ಸಮಾಧಾನದ ಮಾತು ಹೇಳಿದೆನೆಂದು ನಾನು ತಿಳಿದಿದ್ದೆ. ಆಕೆಗೆ ಅದು ಬಾಗಿಲು ಮುಚ್ಚಿದ ಸದ್ದಾಗಿ ಕೇಳಿಸಿತು ಎಂಬುದು ಬಹಳ ಕಾಲದ ನಂತರ ಗೊತ್ತಾಯಿತು. ಒಂದು ಬೆಳಗ್ಗೆ ಆಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು, ಬನ್ನಾರಿಯಿಂದ ದಿಂಬಂ ಘಟ್ಟದ ೨೭ ತಿರುವುಗಳನ್ನು ಬಸ್ಸಿನಲ್ಲಿ ಹತ್ತಿ ಬಂದರು. ಬಸ್ಸಿನ ದುಡ್ಡು ಕೊಟ್ಟವಳು ಪಕ್ಕದ ಮನೆಯ ಮುದುಕಿ. ತಾಯಿಯ ಮನೆ ಸೇರಿದ ಮೇಲಿನ ಭಾನುವಾರ ಪೂಜೆ ಮುಗಿದ ನಂತರ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಸ್ವಾಮಿ, ನನ್ನ ಹೆಸರಲ್ಲಿ ಒಂದು ಬ್ಯಾಂಕ್ ಪುಸ್ತಕ ಮಾಡಿಸಿಕೊಡಿ."

ಆ ಒಂದು ಮಾತು ನನಗೆ ಪಾಠ ಕಲಿಸಿತು. ಆ ಪಾಠವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಇದಕ್ಕೊಂದು ಹೆಸರಿದೆ

ಹೊಡೆತದ ಗಾಯ ಕಣ್ಣಿಗೆ ಕಾಣುತ್ತದೆ. ಹಣದಿಂದ ಕಟ್ಟಿಹಾಕಿದ ಗಾಯ ಕಾಣುವುದಿಲ್ಲ. ಆದರೂ ನಮ್ಮ ದೇಶದ ಕಾನೂನು ಅದನ್ನು ಗುರುತಿಸಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ ಕಾಯ್ದೆ ೨೦೦೫ರಲ್ಲಿ ಬಂದು, ೨೦೦೬ರ ಅಕ್ಟೋಬರ್ ೨೬ರಿಂದ ಜಾರಿಯಲ್ಲಿದೆ. ದೈಹಿಕ, ಲೈಂಗಿಕ, ಮಾನಸಿಕ ಹಿಂಸೆಗಳ ಜೊತೆಗೆ 'ಆರ್ಥಿಕ ದೌರ್ಜನ್ಯ'ವನ್ನೂ ಅದು ಹಿಂಸೆ ಎಂದೇ ಎಣಿಸಿದೆ. ಮನೆ ಖರ್ಚಿಗೆ ಹಣ ಕೊಡದಿರುವುದು, ಹೆಂಡತಿಯ ಸ್ತ್ರೀಧನವನ್ನು ಇಟ್ಟುಕೊಳ್ಳುವುದು ಅಥವಾ ಮಾರುವುದು, ಆಕೆಗೆ ಹಕ್ಕಿರುವ ಆಸ್ತಿಯನ್ನು ಅವಳಿಗೆ ತಿಳಿಸದೆ ವಿಲೇವಾರಿ ಮಾಡುವುದು, ಆಕೆ ಬಳಸುತ್ತಿದ್ದ ಮನೆ ಮತ್ತು ಸವಲತ್ತುಗಳಿಂದ ದೂರ ತಳ್ಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಒಂದು ಮಾತನ್ನು ಗಂಡಸರಿಗೆ ಹೇಳಬೇಕು. ಕಷ್ಟದ ವರ್ಷದಲ್ಲಿ ಹಿಡಿತದಿಂದ ಖರ್ಚು ಮಾಡುವುದು ಬೇರೆ, ಹೆಂಡತಿಯನ್ನು ಹಿಡಿತದಲ್ಲಿಡಲು ಹಣವನ್ನು ಬಳಸುವುದು ಬೇರೆ. ಮಳೆ ಕೈಕೊಟ್ಟಾಗ ಇಬ್ಬರೂ ಕೂತು ಲೆಕ್ಕ ಹಾಕಿ ಹೊಟ್ಟೆ ಬಟ್ಟೆ ಕಟ್ಟಿದರೆ ಅದು ಸಂಸಾರ. ಲೆಕ್ಕವೆಲ್ಲ ಒಬ್ಬರ ಬಳಿ, ಹಸಿವೆಲ್ಲ ಇನ್ನೊಬ್ಬರ ಪಾಲಿಗೆ ಬಂದರೆ ಅದನ್ನು ಸಂಸಾರ ಎನ್ನಲಾಗದು. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ನಮ್ಮ ಹಿರಿಯರು ಹೇಳಿದರು. ಕೆಸರು ಒಬ್ಬಳ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ ಎಂದು ಅವರು ಹೇಳಲಿಲ್ಲ.

ಊಟಿಯ ಆ ಮನೆ

ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ನೆರೆಯ ನೀಲಗಿರಿಯಲ್ಲಿ ಆಶ್ರಯ ಪಡೆದಿದ್ದ ಮೇರಿ ರಾಯ್ ಅವರ ಜೀವನ. ಅವರ ಹೆಸರನ್ನು ನಮ್ಮ ಪ್ರತಿಯೊಂದು ಕ್ರೈಸ್ತ ಮನೆಯ ಹೆಣ್ಣುಮಗಳೂ ತಿಳಿದಿರಬೇಕು.

೧೯೩೩ರಲ್ಲಿ ಹುಟ್ಟಿದ ಮೇರಿ ಕೇರಳದ ಸಿರಿಯನ್ ಕ್ರೈಸ್ತ ಮನೆತನದವರು. ಬಂಗಾಳದ ರಜೀಬ್ ರಾಯ್ ಎಂಬವರನ್ನು ಮದುವೆಯಾಗಿ ಅಸ್ಸಾಮಿನ ಟೀ ತೋಟಕ್ಕೆ ಹೋದರು. ಗಂಡನ ಕುಡಿತದಿಂದ ಬೇಸತ್ತು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಇಬ್ಬರು ಸಣ್ಣ ಮಕ್ಕಳೊಂದಿಗೆ ಹೊರಬಿದ್ದರು. ಆ ಮಕ್ಕಳಲ್ಲಿ ಒಬ್ಬರು ಮುಂದೆ ಹೆಸರಾಂತ ಲೇಖಕಿಯಾದ ಅರುಂಧತಿ ರಾಯ್. ಕೈಯಲ್ಲಿ ಹಣವಿಲ್ಲ, ದೇಹದಲ್ಲಿ ತೀವ್ರವಾದ ಉಬ್ಬಸ ರೋಗ. ಊಟಿಯಲ್ಲಿ ತೀರಿಹೋದ ತಂದೆಗೆ ಸೇರಿದ ಒಂದು ಮನೆ ಇತ್ತು. ಅಲ್ಲಿ ಬಂದು ನೆಲೆಸಿದರು.

ಗಂಡನ ಮನೆ ಬಿಟ್ಟು ಬಂದದ್ದಾಯಿತು. ಈಗ ತವರಿನವರೇ ಎದುರು ನಿಂತರು. ಈ ಮನೆಯಲ್ಲಿ ಮಗಳಿಗೆ ಹಕ್ಕಿಲ್ಲ, ಖಾಲಿ ಮಾಡು ಎಂದು ಸಹೋದರ ಹೇಳಿದರು. ಅದಕ್ಕೆ ಆಧಾರವಾಗಿದ್ದದ್ದು ೧೯೧೬ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾನೂನು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಸಿಗುವುದು ಮಗನ ಪಾಲಿನ ನಾಲ್ಕರಲ್ಲಿ ಒಂದು ಭಾಗ ಅಥವಾ ೫,೦೦೦ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ ಅದೂ ಇಲ್ಲ. ಆದರೆ ಆ ಕಾನೂನು ತಿರುವಾಂಕೂರಿನದು, ಊಟಿಯ ಮನೆಗೆ ಅದು ಅನ್ವಯಿಸುವುದಿಲ್ಲ ಎಂದು ವಕೀಲರಿಂದ ತಿಳಿದುಕೊಂಡ ಮೇಲೆ ಆಕೆ ಗಟ್ಟಿಯಾಗಿ ನಿಂತರು.

ಮುಂದೆ ಕೇರಳಕ್ಕೆ ಹಿಂದಿರುಗಿ ೧೯೬೭ರಲ್ಲಿ ಕೋಟ್ಟಯಂನಲ್ಲಿ ರೋಟರಿ ಸಂಘದ ಸಭಾಂಗಣದಲ್ಲಿ ಬೆರಳೆಣಿಕೆಯ ಮಕ್ಕಳಿಗೆ ಶಾಲೆ ತೆರೆದರು. ಅವರಲ್ಲಿ ಇಬ್ಬರು ಸ್ವಂತ ಮಕ್ಕಳು. ಆ ಶಾಲೆ ಬೆಳೆದು 'ಪಳ್ಳಿಕ್ಕೂಡಂ' ಎಂಬ ಹೆಸರು ಪಡೆಯಿತು. ಅದರ ಕಟ್ಟಡಗಳನ್ನು ರೂಪಿಸಿದವರು ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಲಾರಿ ಬೇಕರ್. ಕಾಲೂರಿ ನಿಂತ ಮೇಲೆ ಆಕೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ೧೯೮೬ರ ಫೆಬ್ರವರಿ ೨೪ರಂದು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್. ಎಸ್. ಪಾಠಕ್ ಅವರ ಪೀಠ ತೀರ್ಪು ಕೊಟ್ಟಿತು. ೧೯೫೧ರ ಏಪ್ರಿಲ್ ೧ರಿಂದಲೇ ತಿರುವಾಂಕೂರಿನ ಹಳೆಯ ಕಾನೂನು ರದ್ದಾಗಿದೆ, ಅಲ್ಲಿನ ಕ್ರೈಸ್ತರಿಗೂ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ, ಮಗಳ ಪಾಲು ಮಗನ ಪಾಲಿಗೆ ಸಮ ಎಂದು ಸಾರಿತು.

ಈ ತೀರ್ಪನ್ನು ಎಲ್ಲರೂ ಸ್ವಾಗತಿಸಲಿಲ್ಲ. ಕೇರಳದ ಕ್ರೈಸ್ತ ಸಮಾಜದಲ್ಲಿ, ಗುರುವರ್ಗದಲ್ಲಿಯೂ, ದೊಡ್ಡ ವಿರೋಧವೆದ್ದಿತು. ಗುರುವಾದ ನಾನು ಇದನ್ನು ಮುಚ್ಚಿಡಬಾರದು. ತೀರ್ಪು ಬಂದ ಮೇಲೂ ತನ್ನ ಪಾಲು ಕೈಗೆ ಬರಲು ಮೇರಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಅವರು ೨೦೨೨ರ ಸೆಪ್ಟೆಂಬರ್ ೧ರಂದು ತೀರಿಕೊಂಡರು.

ಅವರ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಗಂಡನ ಮನೆ ಬಿಟ್ಟ ಹೆಣ್ಣಿಗೆ ತವರಿನ ಬಾಗಿಲೂ ಮುಚ್ಚಿದರೆ ಆಕೆ ಎಲ್ಲಿಗೆ ಹೋಗಬೇಕು? ಎಷ್ಟೋ ಹೆಣ್ಣುಮಕ್ಕಳು ಹಿಂಸೆಯಲ್ಲೇ ಉಳಿಯುವುದು ಈ ಪ್ರಶ್ನೆಗೆ ಉತ್ತರವಿಲ್ಲದೆ. ಎರಡನೆಯದು, ಆಕೆ ಮೊದಲು ಸಂಪಾದನೆಯ ದಾರಿ ಮಾಡಿಕೊಂಡರು, ಆಮೇಲೆ ದೊಡ್ಡ ಮೊಕದ್ದಮೆ ಹೂಡಿದರು. ನಮ್ಮ ತಾಯಂದಿರಿಗೂ ಈ ಕ್ರಮ ಒಳ್ಳೆಯದು.

ಬೆಳೆಗೂ ಹಿಡಿತಕ್ಕೂ ಇರುವ ಸಂಬಂಧ

ಈಗ ನಮ್ಮ ತಾಳವಾಡಿ ಸೀಮೆಗೆ ಬರೋಣ. ಹಣ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಬಹುಮಟ್ಟಿಗೆ ಬೆಳೆಯೇ ತೀರ್ಮಾನಿಸುತ್ತದೆ. ಕಬ್ಬು, ಅರಿಸಿನದಂಥ ಬೆಳೆಗಳ ಹಣ ವರ್ಷಕ್ಕೊಮ್ಮೆ ಒಟ್ಟಾಗಿ ಬರುತ್ತದೆ. ಮಾರುವುದು ದೂರದ ಈರೋಡಿನ ಮಾರುಕಟ್ಟೆಯಲ್ಲಿ, ಹೋಗುವವನು ಗಂಡಸು, ಪಟ್ಟಾ ಇರುವುದೂ ಅವನ ಹೆಸರಿನಲ್ಲಿ. ಪಟ್ಟಾ ಯಾರ ಹೆಸರಿನಲ್ಲಿದೆಯೋ ಅವರಿಗೇ ಬ್ಯಾಂಕಿನ ಬೆಳೆ ಸಾಲ, ಅವರಿಗೇ ವರ್ಷಕ್ಕೆ ೬,೦೦೦ ರೂಪಾಯಿಯ ಪಿ.ಎಂ. ಕಿಸಾನ್ ಹಣ, ಆನೆ ತುಳಿದರೆ ಪರಿಹಾರವೂ ಅವರಿಗೇ. ಹೀಗೆ ವರ್ಷವಿಡೀ ಮಣ್ಣಿನಲ್ಲಿ ದುಡಿದ ಹೆಂಡತಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಹಾಲು, ಮೊಟ್ಟೆ, ಸೊಪ್ಪು, ಹೂವು ಇವುಗಳ ಹಣ ಸಣ್ಣದು, ಆದರೆ ದಿನಕ್ಕೋ ವಾರಕ್ಕೋ ಬರುತ್ತದೆ. ಮನೆಯ ಉಪ್ಪು, ಎಣ್ಣೆ, ಮಕ್ಕಳ ಪೆನ್ಸಿಲು ಬರುವುದು ಇದರಿಂದಲೇ. ಆದ್ದರಿಂದ ಹೊಸದಾಗಿ ಬದುಕು ಕಟ್ಟಬೇಕಾದ ಹೆಣ್ಣಿಗೆ ನಾನು ಹೇಳುವುದು ಇಷ್ಟು: ದೊಡ್ಡ ಬೆಳೆಯ ಆಸೆ ಮೊದಲ ವರ್ಷ ಬೇಡ. ಬೇಗ ಕೈಗೆ ಬರುವುದರಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.

ಮೇಲೆ ಹೇಳಿದ ತಾಯಿ ಮಾಡಿದ್ದೂ ಹಾಗೆಯೇ. ಆಕೆಯ ತಾಯಿ ಹಿತ್ತಿಲ ಹತ್ತು ಸೆಂಟು ಜಾಗ ಬಿಟ್ಟುಕೊಟ್ಟರು. ಮೊದಲು ದಂಟು, ಕೀರೆ, ಮೆಂತ್ಯ ಹಾಕಿದರು. ೨೫ರಿಂದ ೩೦ ದಿನಕ್ಕೆ ಕಟ್ಟು ಕಟ್ಟಿ ಮಾರಬಹುದು. ಒಂದೇ ದಿನ ಎಲ್ಲ ಬೀಜ ಬಿತ್ತದೆ ವಾರಕ್ಕೊಂದು ಪಾತಿ ಬಿತ್ತಿದ್ದರಿಂದ ವಾರವಾರವೂ ಮಾರಲು ಸೊಪ್ಪು ಇರುತ್ತಿತ್ತು. ನಂತರ ಹುರುಳಿಕಾಯಿ ಮತ್ತು ಚೆಂಡು ಹೂವು. ಇವೆರಡಕ್ಕೂ ಹೆಚ್ಚುಕಡಿಮೆ ಎರಡು ತಿಂಗಳು ಸಾಕು. ರಾಗಿಗೆ ಸುಮಾರು ನಾಲ್ಕು ತಿಂಗಳು ಬೇಕು, ಅದು ಮನೆಯ ಊಟಕ್ಕೆ. ಅರಿಸಿನಕ್ಕೆ ಎಂಟೊಂಬತ್ತು ತಿಂಗಳು ಕಾಯಬೇಕು. ಅದನ್ನು ಕೈಯಲ್ಲಿ ಸ್ವಲ್ಪ ಹಣ ನಿಂತ ಮೇಲೆ ನೋಡಿದರಾಯಿತು.

ನಾಟಿ ಕೋಳಿ ಇನ್ನೊಂದು ಒಳ್ಳೆಯ ಆರಂಭ. ಒಂದು ಹೇಂಟೆಯನ್ನು ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದರೆ ೨೧ ದಿನಕ್ಕೆ ಮರಿಗಳು. ಕೊಕ್ಕರೆ ರೋಗದ ಲಸಿಕೆಯನ್ನು ಮಾತ್ರ ತಪ್ಪಿಸಬಾರದು. ಒಂದು ಸಲ ಆ ರೋಗ ಹೊಕ್ಕರೆ ಗೂಡೇ ಬರಿದಾಗುತ್ತದೆ. ಆಡು ಗಬ್ಬವಾದ ಐದು ತಿಂಗಳಿಗೆ ಈಯುತ್ತದೆ, ಅನೇಕ ವೇಳೆ ಅವಳಿ ಮರಿ. ಮರಿಯನ್ನು ಕಷ್ಟಕಾಲಕ್ಕೆ ಮಾರಬಹುದು, ಅದು ಕಾಲಿರುವ ಉಳಿತಾಯ.

ಒಂಟಿ ಹೆಣ್ಣು ನಮ್ಮ ಕಾಡಂಚಿನಲ್ಲಿ ಜೋಳ, ಬಾಳೆ, ಕಬ್ಬು ಬೆಳೆಯುವುದಕ್ಕೆ ಮುಂಚೆ ಎರಡು ಸಲ ಯೋಚಿಸಬೇಕು. ಇವು ಆನೆಗೆ ಪ್ರಿಯವಾದವು. ರಾತ್ರಿ ಕಾವಲು ಕೂರುವುದು ಎಂಥ ಅಪಾಯವೆಂದು ನಿಮಗೆ ಹೇಳಬೇಕಾಗಿಲ್ಲ. ೨೦೨೩ರಲ್ಲಿ ಅರಣ್ಯ ಇಲಾಖೆಯವರು ಸೆರೆ ಹಿಡಿಯುವ ತನಕ 'ಕರುಪ್ಪನ್' ಎಂಬ ಆನೆ ನಮ್ಮ ಸೀಮೆಯನ್ನು ಹೇಗೆ ನಡುಗಿಸಿತ್ತೆಂದು ನೆನೆಸಿಕೊಳ್ಳಿ. ಮನೆಯ ಪಕ್ಕದ ಪಾತಿಯಲ್ಲಿ, ಕಣ್ಣೆದುರಿನ ಹಿತ್ತಿಲಲ್ಲಿ ಆಗುವ ಬೇಸಾಯವೇ ಇಂಥವರಿಗೆ ಕ್ಷೇಮ. ಬೀಜ, ಕೋಳಿ, ಜೇನು, ಎರೆಗೊಬ್ಬರದ ತರಬೇತಿ ಬೇಕಾದವರು ಗೋಬಿಚೆಟ್ಟಿಪಾಳ್ಯದಲ್ಲಿ ಮೈರಾಡ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಸಂಘದ ಬಲ

ಹೆಂಗಸರ ಸಂಘಗಳು ನಮ್ಮ ಸೀಮೆಗೆ ಹೊಸತಲ್ಲ. ೧೯೮೦ರ ದಶಕದ ಮಧ್ಯದಲ್ಲಿ ಮೈರಾಡ ಕರ್ನಾಟಕದ ಮತ್ತು ಸುತ್ತಣ ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. ೧೯೯೨ರಲ್ಲಿ ನಬಾರ್ಡ್ ೫೦೦ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದು ದೇಶದಾದ್ಯಂತ ಕಾಣುವ ಸಂಘಗಳಿಗೆ ಬೇರು ಅಲ್ಲಿದೆ. ತಮಿಳುನಾಡಿನಲ್ಲಿ ಸರ್ಕಾರದ ಮಹಿಳಾ ಸಂಘಗಳ ಕೆಲಸ ೧೯೮೯ರಲ್ಲಿ ಧರ್ಮಪುರಿಯಿಂದ ಮೊದಲಾಯಿತು. ಸಂಘದಲ್ಲಿ ಸಾಲಕ್ಕಿಂತ ದೊಡ್ಡದು ಇನ್ನೊಂದಿದೆ. ವಾರಕ್ಕೊಮ್ಮೆ ಹೆಂಗಸರು ಕೂತು ತಮ್ಮ ಹಣದ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ. ಮನೆಯಲ್ಲಿ ಲೆಕ್ಕ ಕೇಳಲು ಹೆದರುತ್ತಿದ್ದವಳಿಗೆ ಅದೇ ಒಂದು ಔಷಧ.

ಆದರೆ ಎಚ್ಚರಿಕೆಯೂ ಬೇಕು. ಹೆಂಡತಿಯ ಹೆಸರಿನಲ್ಲಿ ಸಂಘದಿಂದಲೋ ಸಣ್ಣ ಸಾಲದ ಕಂಪನಿಯಿಂದಲೋ ಸಾಲ ಎತ್ತಿಸಿ ಗಂಡ ಬಳಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಸಹಿ ಹಾಕಿದವಳೇ ಸಾಲಗಾರಳು. ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಓದಬಲ್ಲ ಒಬ್ಬರಿಂದ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ. ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಬದುಕುವ ಜನ. ಈ ನಡುವಿನ ಕಂದಕದಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಿದ್ದಿದ್ದಾರೆ. ಭಾನುವಾರದ ಪೂಜೆಯ ನಂತರ ಯಾವುದೇ ಕಾಗದ ತಂದರೂ ಓದಿ ಹೇಳಲು ನಾನು ಸಿದ್ಧ.

ದೇಹದ ಲೆಕ್ಕ

ಹಣದ ಹಿಡಿತ ನೇರವಾಗಿ ಆರೋಗ್ಯಕ್ಕೆ ತಗಲುತ್ತದೆ. ಕೈಯಲ್ಲಿ ಬಸ್ಸಿನ ದುಡ್ಡಿಲ್ಲದವಳು ಜ್ವರ ಬಂದರೆ ಕಷಾಯದಲ್ಲೇ ಕಾಲ ಹಾಕುತ್ತಾಳೆ. ಗರ್ಭಕೋಶದ ತೊಂದರೆ, ಎದೆಯ ಗಂಟು ಇಂಥವನ್ನು ಹೇಳಿಕೊಳ್ಳುವುದೇ ಇಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದರಿಂದ ರಕ್ತ ಕಡಿಮೆಯಾಗುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇದೆ. ಬೇಗ ಸುಸ್ತಾಗುವುದು, ಏರು ಹತ್ತುವಾಗ ಏದುಸಿರು, ತಲೆಸುತ್ತು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿರುವುದು ಇದರ ಗುರುತುಗಳು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆಗೆ ನುಂಗಬೇಡಿ, ಅವು ಕಬ್ಬಿಣಾಂಶ ದೇಹಕ್ಕೆ ಹಿಡಿಯದಂತೆ ತಡೆಯುತ್ತವೆ. ನಿಂಬೆಯ ಶರಬತ್ತು ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ, ಅದು ಮಾತ್ರೆಯಿಂದ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಕಾಳುಗಳ ಸಾರು, ವಾರಕ್ಕೆ ಕೆಲವು ಮೊಟ್ಟೆ ತಿನ್ನಿ. ರಾಗಿಯಂತೂ ನಮ್ಮ ಭಾಗ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ, ಮೂಳೆಗೆ ಅದು ಬೇಕು. ಕೋಳಿ ಸಾಕಿ ಮೊಟ್ಟೆಯನ್ನೆಲ್ಲ ಮಾರುವ ತಾಯಂದಿರೇ, ವಾರಕ್ಕೆ ಮೂರನ್ನಾದರೂ ನಿಮ್ಮ ತಟ್ಟೆಗೆ ಹಾಕಿಕೊಳ್ಳಿ.

ಮನಸ್ಸೂ ದೇಹದ ಭಾಗವೇ. ನಿದ್ರೆ ಬಾರದಿರುವುದು, ಎದೆ ಡವಗುಟ್ಟುವುದು, ಸಣ್ಣ ಖರ್ಚಿಗೂ ಬೆವರುವುದು, ಬದುಕೇ ಬೇಡವೆನಿಸುವುದು ಇವೆಲ್ಲ ದೀರ್ಘಕಾಲ ಹೆದರಿ ಬಾಳಿದವರಲ್ಲಿ ಕಾಣುತ್ತವೆ. ಆ ತಾಯಿ ಮನೆ ಬಿಟ್ಟು ಬಂದ ಎಷ್ಟೋ ತಿಂಗಳ ನಂತರವೂ ಅಂಗಡಿಯಲ್ಲಿ ಕೊಂಡ ಸಾಮಾನಿನ ಚೀಟಿಗಳನ್ನು ಕೂಡಿಟ್ಟು, ಯಾರಿಗೋ ತೋರಿಸಬೇಕೆನ್ನುವಂತೆ ಡಬ್ಬಿಯಲ್ಲಿ ಇಡುತ್ತಿದ್ದರು. ಇದನ್ನು ಹುಚ್ಚು ಎಂದು ನಗಬೇಡಿ, ವಾಸಿಯಾಗಲು ಕಾಲ ಬೇಕು. ಮಾತನಾಡಲು ಯಾರೂ ಇಲ್ಲದಿದ್ದರೆ ೧೪೪೧೬ ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿ. ಇದು ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆ.

ಕಾಗದ ಪತ್ರ

ಗಂಡ ಹೆಂಡತಿ ಚೆನ್ನಾಗಿರುವ ಮನೆಗೂ ಈ ಮಾತುಗಳು ಅನ್ವಯಿಸುತ್ತವೆ. ಏಕೆಂದರೆ ಸಾವು, ರೋಗ, ಸಾಲ ಯಾವ ಮನೆಗೂ ಹೇಳಿ ಬರುವುದಿಲ್ಲ.

೧. ಪ್ರತಿ ಹೆಣ್ಣಿಗೂ ತನ್ನದೇ ಹೆಸರಿನ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆ ಇರಲಿ. ೨೦೧೪ರಲ್ಲಿ ಬಂದ ಜನಧನ ಖಾತೆಯಲ್ಲಿ ಹಣ ಉಳಿಸಲೇಬೇಕೆಂಬ ಕಟ್ಟಳೆ ಇಲ್ಲ. ಖಾತೆಗೆ ಜೋಡಿಸುವ ಮೊಬೈಲ್ ಸಂಖ್ಯೆಯೂ ಅವಳದೇ ಆಗಿರಲಿ. ಕಾರ್ಡಿನ ಗುಟ್ಟಿನ ಸಂಖ್ಯೆ ಅವಳಿಗೆ ಮಾತ್ರ ಗೊತ್ತಿರಲಿ. ತಮಿಳುನಾಡು ಸರ್ಕಾರ ೨೦೨೩ರ ಸೆಪ್ಟೆಂಬರ್ ೧೫ರಂದು ಆರಂಭಿಸಿದ ತಿಂಗಳಿಗೆ ೧,೦೦೦ ರೂಪಾಯಿಯ ಮಹಿಳಾ ಹಕ್ಕು ಹಣವನ್ನು ಸ್ತ್ರೀಯರ ಖಾತೆಗೇ ಹಾಕಿದ್ದಕ್ಕೆ ಕಾರಣವಿದೆ. ಅದನ್ನು ಗಂಡ ತೆಗೆದುಕೊಂಡು ಹೋಗುವುದಾದರೆ ಆ ಕಾರಣವೇ ಸತ್ತಂತೆ.

೨. ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಯನ್ನು ತಿಂಗಳಿಗೆ ೧೦೦ ರೂಪಾಯಿಯಿಂದಲೇ ಆರಂಭಿಸಬಹುದು. ಹನಿ ಹನಿ ಕೂಡಿದರೆ ಹಳ್ಳ.

೩. ಒಡವೆ ಅಡವಿಟ್ಟರೆ ರಸೀದಿ ಯಾರ ಹೆಸರಿನಲ್ಲಿದೆ ನೋಡಿ, ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ. ಮದುವೆಯಲ್ಲಿ ಬಂದ ಒಡವೆ, ಪಾತ್ರೆಗಳ ಪಟ್ಟಿ ಮಾಡಿಡಿ.

೪. ಆಧಾರ್, ಮಕ್ಕಳ ಜನನ ಪತ್ರ, ಸ್ನಾನಸಂಸ್ಕಾರ ಮತ್ತು ವಿವಾಹದ ಪ್ರಮಾಣಪತ್ರ, ಪಟ್ಟಾ, ಚಿಟ್ಟಾ ಇವುಗಳ ನಕಲನ್ನು ನಂಬಿಕಸ್ಥರ ಮನೆಯಲ್ಲಿ ಇಡಿ.

೫. ಕ್ರೈಸ್ತ ವ್ಯಕ್ತಿ ಉಯಿಲು ಬರೆಯದೆ ತೀರಿಕೊಂಡರೆ, ೧೯೨೫ರ ಕಾಯ್ದೆಯ ಪ್ರಕಾರ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ ಸಮವಾಗಿ. ಮೂರು ಎಕರೆ ಇದ್ದು ನಾಲ್ಕು ಮಕ್ಕಳಿದ್ದರೆ, ಹೆಂಡತಿಗೆ ಒಂದು ಎಕರೆ, ಪ್ರತಿ ಮಗುವಿಗೆ ಅರ್ಧ ಎಕರೆ, ಗಂಡಾದರೂ ಹೆಣ್ಣಾದರೂ. ಮದುವೆಗೆ ಮುಂಚಿನ ದಿನ ಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ತಂದೆಯರೇ, ನಾಳೆ ಅವಳು ಅಳುತ್ತಾ ಘಟ್ಟ ಹತ್ತಿ ಬಂದರೆ ಅವಳಿಗೆ ನಿಲ್ಲಲು ಎಷ್ಟು ನೆಲ ಉಳಿದಿರುತ್ತದೆ?

೬. ಹಿಂಸೆ ತಾಳಲಾರದವರು ೧೮೧ ಎಂಬ ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು, ತುರ್ತಿಗೆ ೧೧೨. ೨೦೦೫ರ ಕಾಯ್ದೆಯ ಪ್ರಕಾರ ಜಿಲ್ಲೆಯ ರಕ್ಷಣಾ ಅಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಒಡವೆ ವಾಪಸು ಇವನ್ನು ಕೇಳಬಹುದು. ಮನೆ ಬಿಟ್ಟು ಬಂದವರಿಗೂ ಈ ಹಕ್ಕು ಇದೆ. ವಕೀಲರ ಖರ್ಚಿಗೆ ಹೆದರಬೇಡಿ. ೧೯೮೭ರ ಕಾನೂನು ಸೇವೆಗಳ ಕಾಯ್ದೆಯಡಿ ಸ್ತ್ರೀಯರಿಗೆ, ವರಮಾನ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಅದರ ಸಂಖ್ಯೆ ೧೫೧೦೦. ಸತ್ಯಮಂಗಲಕ್ಕೋ ಈರೋಡಿಗೋ ಕೋರ್ಟಿಗೆ ಹೋಗುವವರು ಒಬ್ಬರೇ ಹೋಗಬೇಡಿ. ೨೦೨೨ರ ಫೆಬ್ರವರಿಯಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಬೆಳಗಿನ ಬಸ್ಸಿಗೆ ಇಳಿದು ಹಗಲಿರುವಾಗಲೇ ಹಿಂದಿರುಗುವಂತೆ ನೋಡಿಕೊಳ್ಳಿ.

ಧರ್ಮಸಭೆಯ ಮಾತು

"ಸ್ವಾಮಿ, ದೇವರು ಕೂಡಿಸಿದ್ದನ್ನು ಬಿಡಿಸಬಹುದೇ?" ಎಂದು ನೀವು ಕೇಳುವಿರಿ. ವಿವಾಹ ಸಂಸ್ಕಾರ ಪವಿತ್ರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಧರ್ಮಸಭೆ ತನ್ನ ೧೯೮೩ರ ಕಾನೂನು ಸಂಹಿತೆಯ ೧೧೫೩ನೇ ನಿಯಮದಲ್ಲಿ, ಒಬ್ಬರು ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯ ತಂದರೆ, ಇಲ್ಲವೇ ಕೂಡಿ ಬಾಳುವುದನ್ನು ಬಹಳ ಕಠಿಣಗೊಳಿಸಿದರೆ, ಬೇರೆ ಇರಲು ಕಾರಣವಿದೆ ಎಂದು ಒಪ್ಪಿದೆ. ಇದಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಕಾಯುವುದರಿಂದ ಅಪಾಯವಾಗುವಂತಿದ್ದರೆ ತಾನಾಗಿಯೇ ಹೊರಬರಬಹುದು. ಜಗದ್ಗುರು ಫ್ರಾನ್ಸಿಸರು ೨೦೧೬ರ 'ಅಮೋರಿಸ್ ಲೆತಿತ್ಸಿಯಾ' ಪತ್ರದಲ್ಲಿ, ಘೋರ ಅನ್ಯಾಯ ಮತ್ತು ಹಿಂಸೆಯ ಎದುರು ಬೇರ್ಪಡುವುದು ಕೆಲವೊಮ್ಮೆ ಅನಿವಾರ್ಯವೆಂದೂ ನೈತಿಕವಾಗಿ ಅಗತ್ಯವೆಂದೂ ತಿಳಿಸಿದ್ದಾರೆ. ಹೀಗೆ ಬೇರೆ ಇರುವ ಹೆಣ್ಣು ಪಾಪಿಯಲ್ಲ. ಆಕೆ ಪರಮಪ್ರಸಾದದಿಂದ ದೂರ ನಿಲ್ಲಬೇಕಾಗಿಲ್ಲ. ಆಕೆ ಪೂಜೆಗೆ ಬಂದಾಗ ಬೆಂಚಿನಲ್ಲಿ ಸರಿದು ಜಾಗ ಕೊಡುವುದು ನಮ್ಮ ಕರ್ತವ್ಯ.

"ಇದು ನಿನ್ನ ಶಿಲುಬೆ, ಹೊತ್ತುಕೋ" ಎನ್ನುವವರೂ ಇದ್ದಾರೆ. ಯೇಸುಸ್ವಾಮಿ ತಮ್ಮ ಶಿಲುಬೆಯನ್ನು ತಾವೇ ಒಪ್ಪಿ ಹೊತ್ತರು. ಇನ್ನೊಬ್ಬರ ಹೆಗಲಿಗೆ ಶಿಲುಬೆ ಏರಿಸುವ ಅಧಿಕಾರವನ್ನು ಅವರು ಯಾರಿಗೂ ಕೊಡಲಿಲ್ಲ.

ಪವಿತ್ರ ಗ್ರಂಥದ ಸಂಖ್ಯಾಕಾಂಡದ ೨೭ನೇ ಅಧ್ಯಾಯವನ್ನು ಮನೆಯಲ್ಲಿ ಓದಿ. ಗಂಡುಮಕ್ಕಳಿಲ್ಲದೆ ತೀರಿಹೋದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮತ್ತು ಇಡೀ ಸಭೆಯ ಮುಂದೆ ನಿಂತು, ತಂದೆಯ ನೆಲದಲ್ಲಿ ತಮಗೂ ಪಾಲು ಬೇಕೆಂದು ಕೇಳಿದರು. ಮೋಶೆ ಆ ಮಾತನ್ನು ದೇವರ ಮುಂದಿಟ್ಟನು. ಅವರು ಕೇಳುವುದು ನ್ಯಾಯವೆಂದು ದೇವರೇ ತೀರ್ಪಿತ್ತರು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯೂ ತಾನೇ ನೋಡಿ ಹೊಲ ಕೊಳ್ಳುತ್ತಾಳೆ, ತನ್ನ ಸಂಪಾದನೆಯಿಂದ ದ್ರಾಕ್ಷಿಯ ತೋಟ ಹಾಕಿಸುತ್ತಾಳೆ. ಅವಳು ಯಾರಿಗೂ ಚಿಲ್ಲರೆ ಎಣಿಸಿ ಕೊಡುತ್ತಿದ್ದಳೆಂದು ಅಲ್ಲಿ ಬರೆದಿಲ್ಲ.

ಗಂಡಂದಿರಿಗೆ ನನ್ನದೊಂದು ವಿನಂತಿ. ಪ್ರತಿ ಶನಿವಾರ ರಾತ್ರಿ ಜಪಮಾಲೆ ಮುಗಿದ ಮೇಲೆ ಒಂದು ನೋಟುಪುಸ್ತಕ ತೆರೆದು, ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಹೆಂಡತಿಯ ಜೊತೆ ಕೂತು ಬರೆಯಿರಿ. ದೊಡ್ಡ ಮಕ್ಕಳಿದ್ದರೆ ಅವರನ್ನೂ ಕೂರಿಸಿ. ಸಾಲವಿದ್ದರೆ ಅದನ್ನೂ ಹೇಳಿ. ಒಬ್ಬನೇ ಹೊತ್ತ ಸಾಲದ ಭಾರಕ್ಕೆ ಎಷ್ಟು ರೈತರು ಕುಸಿದಿದ್ದಾರೆಂದು ನಾವು ಬಲ್ಲೆವು. ಹೊಸದಾಗಿ ನೆಲ ಕೊಳ್ಳುವಾಗ ಪಟ್ಟಾದಲ್ಲಿ ಇಬ್ಬರ ಹೆಸರೂ ಇರಲಿ.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಆಕೆಯ ಮೊಕದ್ದಮೆ ಇನ್ನೂ ಮುಗಿದಿಲ್ಲ. ಒಡವೆ ಇನ್ನೂ ವಾಪಸು ಬಂದಿಲ್ಲ. ಆಕೆಯ ಹೆಸರಿನ ಎರಡು ಸಾಲಗಳಲ್ಲಿ ಒಂದನ್ನು ಸೊಪ್ಪು, ಮೊಟ್ಟೆಯ ಹಣದಿಂದಲೇ ತೀರಿಸಿದ್ದಾರೆ. ಸಂಘದ ಲೆಕ್ಕದ ಪುಸ್ತಕವನ್ನು ಈಗ ಬರೆಯುವವರು ಆಕೆಯೇ. ಕಳೆದ ಸುಗ್ಗಿಯ ಪೂಜೆಯಲ್ಲಿ ಕಾಣಿಕೆಯ ಹೊತ್ತಿಗೆ ಒಂದು ಬುಟ್ಟಿ ಹುರುಳಿಕಾಯಿ ತಂದಿಟ್ಟರು. ಪೂಜೆಯ ನಂತರ, "ಸ್ವಾಮಿ, ಇದುವರೆಗೂ ಕಾಣಿಕೆ ಡಬ್ಬಿಗೆ ಹಾಕಿದ್ದೆಲ್ಲ ಅವರು ಕೈಗೆ ಕೊಟ್ಟದ್ದು. ಇದು ನಂದು" ಎಂದರು.

ಆಕೆಗೆ "ಹೊಂದಿಕೊಂಡು ಹೋಗು" ಎಂದಿದ್ದಕ್ಕೆ ನಾನು ಕ್ಷಮೆ ಕೇಳಿದ್ದೇನೆ. ನಮ್ಮ ಧರ್ಮಕೇಂದ್ರದಲ್ಲಿ ಹಾಗೆ ಬಾಗಿಲು ಮುಚ್ಚಿಸಿಕೊಂಡವರು ಇನ್ನೂ ಯಾರಾದರೂ ಇದ್ದರೆ, ಮತ್ತೊಮ್ಮೆ ಬಂದು ತಟ್ಟಿರಿ. ಈ ಸಲ ತೆರೆಯುತ್ತೇನೆ.

ಪ್ರಭುವಿನ ಶಾಂತಿ ನಿಮ್ಮ ಮನೆಗಳಲ್ಲಿ ನೆಲೆಸಲಿ.

ನಿಮ್ಮ ಧರ್ಮಗುರು